ಕುಂಟಾದ ಕುದುರೆ ಮತ್ತು ಜೀವದಯೆ

ಕಾಲು ಮುರಿದ ಕುದುರೆಯನ್ನು ಕೊಂದುಬಿಡುವುದೇ ದಯೆ ಎಂಬ ಭಾವನೆ ಲೋಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ನೋವಿನಿಂದ ಬಿಡುಗಡೆ ಮಾಡುವುದು ಮೇಲ್ನೋಟಕ್ಕೆ ಕರುಣೆಯಾಗಿಯೇ ಕಾಣುತ್ತದೆ. ಆದರೆ ಆ ಬಿಡುಗಡೆ ನಿಜವಾಗಿ ಯಾರಿಗೆ? ನೊಂದ ಪ್ರಾಣಿಗೋ, ಅದರ ಆರೈಕೆಯ ಭಾರ ಹೊರಲಾರದ ಒಡೆಯನಿಗೋ? ವಿಚಾರವಂತರು ಆಲೋಚಿಸಬೇಕಾದ ಪ್ರಶ್ನೆಯಿದು.

ಈ ರೂಢಿಗೆ ಕಾರಣವಿಲ್ಲದಿಲ್ಲ. ದೊಡ್ಡ ಕುದುರೆಯ ತೂಕ ಸುಮಾರು 500 ಕಿಲೋ. ಅದರ ಹೆಚ್ಚಿನ ಪಾಲನ್ನು ಮುಂಗಾಲುಗಳು ಹೊರುತ್ತವೆ. ಮೊಣಕಾಲಿನ ಕೆಳಗೆ ಮಾಂಸಖಂಡವಿಲ್ಲದ ಕಾರಣ ಅಲ್ಲಿಯ ಗಾಯ ಬೇಗ ಮಾಯುವುದಿಲ್ಲ. ಮನುಷ್ಯನನ್ನು ಹಾಸಿಗೆಯಲ್ಲಿ ಮಲಗಿಸಿದಂತೆ ಕುದುರೆಯನ್ನು ತಿಂಗಳುಗಟ್ಟಲೆ ಮಲಗಿಸಿಡಲು ಬರುವುದಿಲ್ಲ. ಮೂರೇ ಕಾಲುಗಳ ಮೇಲೆ ನಿಂತರೆ, ಭಾರ ತಾಳಲಾರದೆ ಒಳ್ಳೆಯ ಕಾಲಿನ ಗೊರಸಿನ ಒಳಪದರವೂ ಕೆಡುತ್ತದೆ.

ಇಷ್ಟೆಲ್ಲ ಇದ್ದರೂ ಬದುಕುಳಿದ ಜೀವವೊಂದರ ವೃತ್ತಾಂತ ಮನನೀಯವಾಗಿದೆ. 2005ರ ಆಗಸ್ಟ್‌ನಲ್ಲಿ ಅಮೆರಿಕದ ಲೂಸಿಯಾನಾ ಪ್ರಾಂತಕ್ಕೆ ಕತ್ರಿನಾ ಚಂಡಮಾರುತ ಅಪ್ಪಳಿಸಿದಾಗ, ಮಾಲಿ ಎಂಬ ತಟ್ಟುಕುದುರೆಯನ್ನು ಅದರವರು ಬಿಟ್ಟುಹೋದರು. ದಯಾಳುಗಳು ಅದನ್ನು ತಂದು ಸಾಕಿದರು. ಅಲ್ಲಿ ನಾಯಿಯೊಂದು ಕಚ್ಚಿ, ಬಲಮುಂಗಾಲಿಗೆ ನಂಜೇರಿತು. ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ರಸ್ಟಿನ್ ಮೂರ್ ಮೊದಲು ಹಿಂಜರಿದರು. ಆದರೆ ಮಾಲಿ ತಾನಾಗಿಯೇ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ದಣಿದಾಗ ಮಲಗುತ್ತ, ನೊಂದ ಕಾಲನ್ನು ಜೋಪಾನ ಮಾಡುತ್ತಿದ್ದುದನ್ನು ಕಂಡು ಅವರ ಮನಸ್ಸು ಬದಲಾಯಿತು. 2006ರಲ್ಲಿ ಮೊಣಕಾಲಿನ ಕೆಳಗೆ ಕಾಲನ್ನು ಕತ್ತರಿಸಿ ಕೃತಕ ಕಾಲನ್ನು ಜೋಡಿಸಲಾಯಿತು. ಮಾಲಿ ಮತ್ತೆ ನಡೆಯಿತು. ಅಂಗವಿಕಲ ಮಕ್ಕಳ ಬಳಿಗೆ ಹೋಗಿ ಅವರ ಮುಖದಲ್ಲಿ ನಗು ಮೂಡಿಸಿತು. ಅದು ಪಂದ್ಯದ ಕುದುರೆಯಲ್ಲ. ಸಂತೆಯಲ್ಲಿ ಅದಕ್ಕೆ ಬೆಲೆ ಕಟ್ಟುವವರಿರಲಿಲ್ಲ. ಬದುಕುವ ಅದರ ಹಂಬಲವೇ ಅದರ ಬೆಲೆಯಾಯಿತು.

ನಮ್ಮ ಆಚಾರ್ಯರು ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಎತ್ತಿಕೊಂಡಿದ್ದರು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ, ದುಃಖ ಬೇಗ ತೀರಲೆಂಬ ನೆವದಿಂದ ದುಃಖಿತ ಜೀವವನ್ನು ಕೊಲ್ಲಲಾಗದೆಂದು ವಿಧಿಸಿದ್ದಾರೆ. ಅಹಿಂಸಾಣುವ್ರತದ ಐದು ಅತಿಚಾರಗಳಾದ ಕಟ್ಟುವುದು, ಹೊಡೆಯುವುದು, ಅಂಗಛೇದ, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು, ಇವೆಲ್ಲ ಸಾಕುಪ್ರಾಣಿಗಳ ವಿಷಯದಲ್ಲಿ ದಿನವೂ ಘಟಿಸಬಹುದಾದ ದೋಷಗಳೇ. ಹಾಗಾದರೆ ವೈದ್ಯನು ಕಾಲು ಕತ್ತರಿಸಿದ್ದು ಛೇದದೋಷವಾಗದೇ? ಆಗದು. ಹಿಂಸೆಯ ಮೂಲ ಪ್ರಮಾದದಲ್ಲಿದೆ, ಕಷಾಯದಲ್ಲಿದೆ. ಕ್ರೋಧದಿಂದಲೋ ಲೋಭದಿಂದಲೋ ಅಂಗ ಕತ್ತರಿಸುವವನು ಹಿಂಸಕ. ಪ್ರಾಣ ಉಳಿಸಲು ಎಚ್ಚರದಿಂದ ಕತ್ತರಿಸುವವನು ರಕ್ಷಕ. ಆಯುಧ ಒಂದೇ, ಭಾವ ಬೇರೆ.

ಪ್ರಯತ್ನಗಳೆಲ್ಲವೂ ಫಲಿಸುತ್ತವೆಂದು ಹೇಳಲಾಗದು. 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬಾರೋ ಎಂಬ ಕುದುರೆ ಅದೇ ಮೇ 20ರಂದು ಇನ್ನೊಂದು ಪಂದ್ಯದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಲೋಹದ ಪಟ್ಟಿ, 27 ತಿರುಪುಗಳಿಂದ ಎಲುಬು ಕೂಡಿಸಲಾಯಿತು. ಎಂಟು ತಿಂಗಳು ಆರೈಕೆ ನಡೆದರೂ ಉಳಿದ ಕಾಲುಗಳ ಗೊರಸು ಕೆಟ್ಟು ನೋವು ಮಿತಿಮೀರಿತು. 2007ರ ಜನವರಿ 29ರಂದು ಒಡೆಯರು ಅದನ್ನು ಔಷಧಿಯಿಂದ ಚಿರನಿದ್ರೆಗೆ ಕಳಿಸಲು ಒಪ್ಪಿದರು. ನಮ್ಮ ಶಾಸ್ತ್ರ ಆ ಕೊನೆಯ ಹೆಜ್ಜೆಯನ್ನು ಒಪ್ಪದು. ಆದರೆ ಆ ಎಂಟು ತಿಂಗಳ ಸೇವೆಯನ್ನು ಅದು ಹಗುರವಾಗಿಯೂ ಕಾಣದು. ಮೊದಲ ದಿನವೇ ಕೈಚೆಲ್ಲುವವನಿಗೂ, ಕೈಲಾದುದನ್ನೆಲ್ಲ ಮಾಡಿ ಸೋತವನಿಗೂ ಬಹಳ ಅಂತರವಿದೆ.

ಗೃಹಸ್ಥನಾದವನು ಲಾಭನಷ್ಟ ನೋಡಲೇಬೇಕಾಗುತ್ತದೆ. ಆದರೆ ದುಡಿಯುವವರೆಗೆ ಎತ್ತನ್ನೂ ಕುದುರೆಯನ್ನೂ ಲಾಭದ ಕಡೆಗೆ ಬರೆದುಕೊಂಡು, ಕುಂಟಾದ ದಿನ ಅದನ್ನೇ ನಷ್ಟದ ಕಡೆಗೆ ತಳ್ಳುವ ಲೆಕ್ಕ ನ್ಯಾಯದ ಲೆಕ್ಕವಲ್ಲ. ಅದು ಹೊತ್ತ ಭಾರ ನಮ್ಮ ಮೇಲಿನ ಸಾಲ. ಮುದಿಯಾದ, ಊನವಾದ ಪ್ರಾಣಿಗೆ ಹುಲ್ಲು, ನೀರು, ನೆರಳು, ಔಷಧಿ ಒದಗಿಸುವುದೇ ಆ ಸಾಲದ ತೀರುವಳಿ. ತಾನೊಬ್ಬನೇ ಮಾಡಲಾರದವನು ಪಾಂಜರಪೋಳಕ್ಕೆ ಯಥಾಶಕ್ತಿ ನೆರವಾಗಲಿ. ಅಭಯದಾನಕ್ಕೆ ಸಮನಾದ ದಾನವಿಲ್ಲ.