ಇಂದಿನ ಧಮ್ಮ ಚಿಂತನೆ: ಪಕ್ಕದ ಮನೆಯ ಅಜ್ಜಿ



ಹೊಸಪೇಟೆ ಬಿಟ್ಟು ಕಂಪ್ಲಿ ಹತ್ತಿರದ ಹಳ್ಳಿಗೆ ಬಂದ ದಿನವೇ ಪಕ್ಕದ ಮನೆಯ ಅಜ್ಜಿ ಮಜ್ಜಿಗೆ ತಂದುಕೊಟ್ಟರು. ಗೋಡೆಗೆ ಬುದ್ಧರ, ಬಾಬಾಸಾಹೇಬರ ಫೋಟೊ ಹಾಕಿದ ಮೇಲೂ ಬರುತ್ತಾರೆಯೇ? ಮನಸ್ಸು ಅಳುಕಿತು. ಒಂದು ವಾರ ಫೋಟೊ ಪೆಟ್ಟಿಗೆಯಲ್ಲೇ ಇಟ್ಟೆ.

1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರು ಕುಡಿದ ಬಾಬಾಸಾಹೇಬರು ನೆನಪಾದರು. ನಾಚಿಕೆಯಾಯಿತು. ಫೋಟೊ ಹಾಕಿದೆ.

ಮರುದಿನ ಅಜ್ಜಿ ಬಂದರು. ಫೋಟೊ ದಿಟ್ಟಿಸಿ ನೋಡಿ, "ಯವ್ವಾ, ಕುಡ್ಯಾಕ ನೀರು ಕೊಡು" ಎಂದರು. ನಮ್ಮ ತಂಬಿಗೆಯಲ್ಲೇ ಕುಡಿದು, ಅಲ್ಲೇ ಕೂತು ಮಾತಾಡಿದರು.

ನಮ್ಮ ಅಳುಕು ಸುಳ್ಳಲ್ಲ, ತಲೆಮಾರುಗಳು ಉಂಡ ನೋವದು. ಆದರೆ ಎದುರಿಗಿರುವವರನ್ನು ಅರಿಯುವ ಮೊದಲೇ ಬಾಗಿಲು ಹಾಕಿಕೊಂಡರೆ ಮೈತ್ರಿ ಒಳಗೆ ಬರುವುದೆಲ್ಲಿಂದ?

ಇಂದು ಒಬ್ಬ ನೆರೆಯವರನ್ನು ಮಾತಾಡಿಸೋಣ, ನಮ್ಮ ಗುರುತು ಮುಚ್ಚಿಡದೆ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.