ಬಣ್ಣದಲ್ಲಿ ಶುಭಾಶುಭವಿದೆಯೆ?

ಶರನ್ನವರಾತ್ರಿಯು ಸಮೀಪಿಸಿತೆಂದರೆ ನಮ್ಮ ಸಂಜಯನಗರದ ಮನೆಗಳಲ್ಲಿ ಗೊಂಬೆಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವುದರ ಜೊತೆಗೆ ಈಚೆಗೆ ಇನ್ನೊಂದು ಸಿದ್ಧತೆಯೂ ನಡೆಯುತ್ತದೆ. ಯಾವ ದಿನ ಯಾವ ಬಣ್ಣದ ಸೀರೆಯನ್ನುಡಬೇಕೆಂಬ ಪಟ್ಟಿಯೊಂದು ಮನೆಯಿಂದ ಮನೆಗೆ ಹರಡುತ್ತದೆ. ಸೋಮವಾರಕ್ಕೆ ಬಿಳಿ, ಮಂಗಳವಾರಕ್ಕೆ ಕೆಂಪು, ಶನಿವಾರಕ್ಕೆ ಬೂದು, ಹೀಗೆ. ಇದು ಪುರಾತನ ಸಂಪ್ರದಾಯವೆಂದು ಅನೇಕರು ನಂಬಿದ್ದಾರೆ. ವಸ್ತುತಃ ಈ ಪಟ್ಟಿಯು ಪ್ರಚಾರಕ್ಕೆ ಬಂದುದು ಈ ಶತಮಾನದ ಆರಂಭದ ವರ್ಷಗಳಲ್ಲಿ, ಮುಂಬಯಿಯ ಮರಾಠಿ ದಿನಪತ್ರಿಕೆಯೊಂದರ ಮೂಲಕ. ಹೆಂಗಳೆಯರು ಒಂದೇ ಬಣ್ಣವನ್ನುಟ್ಟು ಕೂಡಿ ನಲಿಯುವುದರಲ್ಲಿ ದೋಷವೇನೂ ಇಲ್ಲ. ಆದರೆ ನಮ್ಮ ಕಣ್ಣೆದುರಿಗೇ ಹುಟ್ಟಿದ ರೂಢಿಯೊಂದು ಇಷ್ಟು ಬೇಗ ಶಾಸ್ತ್ರದ ವೇಷವನ್ನು ತೊಡಬಲ್ಲುದಾದರೆ, ಬಣ್ಣಗಳಿಗೆ ನಾವು ಕೊಟ್ಟಿರುವ ಉಳಿದ ಅರ್ಥಗಳ ಗತಿಯೇನು? ಅವು ಬಣ್ಣದಲ್ಲಿಯೇ ಇವೆಯೊ, ಅಥವಾ ನಾವು ಇಟ್ಟವೊ? ಇದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಬಣ್ಣದ ಮಾತು. ಬಣ್ಣವು ಕೇವಲ ಮನಸ್ಸಿನ ಕಲ್ಪನೆಯೆಂದು ತತ್ತ್ವವಾದವು ಒಪ್ಪುವುದಿಲ್ಲ. ಇದ್ದುದನ್ನು ಇದ್ದಂತೆಯೇ ತಿಳಿಸುವುದು ಪ್ರಮಾಣ. ದೋಷವಿಲ್ಲದ ಇಂದ್ರಿಯವು ದೋಷವಿಲ್ಲದ ವಿಷಯವನ್ನು ಸಂಧಿಸಿದಾಗ ಆಗುವ ಜ್ಞಾನವು ಪ್ರತ್ಯಕ್ಷ ಎಂಬುದನ್ನು ಶ್ರೀ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ವಿವರಿಸಿದ್ದಾರೆ. ಕಾಮಾಲೆಯಾದವನಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುತ್ತದೆ. ಅದರಿಂದ ಶಂಖವು ಹಳದಿಯಾಗಲಿಲ್ಲ; ಶಂಖಕ್ಕೆ ಬಣ್ಣವೇ ಇಲ್ಲವೆಂದೂ ಆಗಲಿಲ್ಲ. ದೋಷವಿರುವುದು ನೋಟದಲ್ಲಿ. 2015ರಲ್ಲಿ ಒಂದು ಉಡುಪಿನ ಛಾಯಾಚಿತ್ರವು ಜಗತ್ತನ್ನೆಲ್ಲ ಸುತ್ತಿತು. ಕೆಲವರಿಗೆ ಅದು ನೀಲಿ ಕಪ್ಪು, ಕೆಲವರಿಗೆ ಬಿಳಿ ಹೊಂಬಣ್ಣ. ಒಂದೇ ಮನೆಯ ಗಂಡಹೆಂಡಿರು ಒಂದೇ ಚಿತ್ರದ ಮುಂದೆ ಕುಳಿತು ವಾದಿಸಿದರು. ಬೆಳಕು ಎಂಥದೆಂದು ಊಹಿಸಿಕೊಂಡು ನಮ್ಮ ಮಿದುಳು ಬಣ್ಣವನ್ನು ತಿದ್ದಿಕೊಳ್ಳುತ್ತದೆ. ಊಹೆ ಬೇರೆಯಾದರೆ ಕಾಣುವ ಬಣ್ಣವೂ ಬೇರೆಯಾಗುತ್ತದೆ ಎಂದು ವಿಜ್ಞಾನಿಗಳು ಹೇಳಿದರು. ಆದರೆ ಅಂಗಡಿಯಲ್ಲಿದ್ದ ಆ ಉಡುಪು ನೀಲಿ ಕಪ್ಪಿನದೇ ಆಗಿತ್ತು. ನೋಟಗಳು ಎರಡಾದುವೆಂದು ವಸ್ತುವು ಎರಡಾಗಲಿಲ್ಲ.

ನಾವಾಡುವ ಭಾಷೆಯೂ ನೋಟದಲ್ಲಿ ಸ್ವಲ್ಪ ಕೈಯಾಡಿಸುತ್ತದೆ. ಸಂಸ್ಕೃತದ ‘ನೀಲ’ ಶಬ್ದವು ಆಕಾಶದ ಬಣ್ಣಕ್ಕೂ ಕಾರ್ಮೋಡದ ಕಪ್ಪಿಗೂ ಸಲ್ಲುತ್ತದೆ. ಜಪಾನೀಯರು ರಸ್ತೆಯ ಹಸಿರು ದೀಪವನ್ನು ನೀಲಿಯ ಹೆಸರಿನಿಂದಲೇ ಕರೆಯುತ್ತಾರೆ. ರಷ್ಯನ್ ಭಾಷೆಯಲ್ಲಿ ತಿಳಿನೀಲಿಗೂ ಕಡುನೀಲಿಗೂ ಬೇರೆ ಬೇರೆ ಹೆಸರುಗಳಿವೆ. ಆ ಎರಡು ಹೆಸರುಗಳ ಗಡಿಯ ಆಚೀಚೆ ಬೀಳುವ ಛಾಯೆಗಳನ್ನು ಆ ಭಾಷೆಯವರು ತುಸು ಬೇಗ ಗುರುತಿಸುತ್ತಾರೆಂದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

ಬಣ್ಣವು ಮನಸ್ಸನ್ನು ಆಳುತ್ತದೆಯೆಂಬ ಮಾತೂ ಉಂಟು. ಅಮೆರಿಕದಲ್ಲಿ 1979ರಲ್ಲಿ ಸೆರೆಮನೆಯ ಕೋಣೆಯೊಂದಕ್ಕೆ ಗುಲಾಬಿ ಬಣ್ಣವನ್ನು ಬಳಿದರು. ಅದರಿಂದ ಕೈದಿಗಳ ಉಗ್ರತೆ ಇಳಿಯಿತೆಂದು ದೊಡ್ಡ ಸುದ್ದಿಯಾಯಿತು. ಮುಂದೆ ಎಚ್ಚರಿಕೆಯಿಂದ ನಡೆಸಿದ ಪರೀಕ್ಷೆಗಳಲ್ಲಿ ಆ ಫಲವು ದೊರೆಯಲಿಲ್ಲ. ಬಣ್ಣವು ಮನಸ್ಸನ್ನು ಮುಟ್ಟುವುದು ನಿಜ; ಆದರೆ ಬಹುಮಟ್ಟಿಗೆ ನಾವು ಅದಕ್ಕೆ ಕಟ್ಟಿಕೊಂಡ ನೆನಪುಗಳ ಮೂಲಕ ಮುಟ್ಟುತ್ತದೆ.

ಇನ್ನು ಶುಭಾಶುಭದ ವಿಚಾರ. ಚೀನದ ಸಂಪ್ರದಾಯದಲ್ಲಿ ಮದುವೆಗೆ ಕೆಂಪು, ಸಾವಿಗೆ ಬಿಳಿ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು 1840ರಲ್ಲಿ ತನ್ನ ಮದುವೆಗೆ ಬಿಳಿಯನ್ನುಟ್ಟ ಮೇಲೆ ಯುರೋಪಿನಲ್ಲಿ ವಧುವಿಗೆ ಬಿಳಿಯೇ ರೂಢಿಯಾಯಿತು. ಶೋಕಕ್ಕೆ ಅಲ್ಲಿ ಕಪ್ಪು. ಅಷ್ಟು ದೂರ ಹೋಗುವುದೇಕೆ? ನಮ್ಮ ಮನೆಗಳನ್ನೇ ನೋಡೋಣ. ಕರ್ನಾಟಕದ ಅನೇಕ ಮನೆಗಳಲ್ಲಿ ಧಾರೆಸೀರೆಯು ಬಿಳಿಯದು. ಉತ್ತರದೇಶದಲ್ಲಿ ಬಿಳಿಯ ಸೀರೆಯು ವೈಧವ್ಯದ ಗುರುತು. ಸುಮಂಗಲಿಯ ಹಣೆಯ ಕುಂಕುಮವು ಕೆಂಪು. ನಮ್ಮ ಅಜ್ಜಿಯರ ಕಾಲದಲ್ಲಿ ತಲೆ ಬೋಳಿಸಿದ ಮಡಿಹೆಂಗಸಿಗೆ ಉಡಿಸುತ್ತಿದ್ದ ಸೀರೆಯೂ ಕೆಂಪೇ. ಒಂದೇ ಜಗುಲಿಯಲ್ಲಿ ಒಂದೇ ಕೆಂಪು ಒಬ್ಬಳಿಗೆ ಸೌಭಾಗ್ಯವಾಗಿ, ಇನ್ನೊಬ್ಬಳಿಗೆ ಸೌಭಾಗ್ಯ ಹೋದುದರ ಸಾರುವಿಕೆಯಾಗಿ ನಿಂತಿತ್ತು. ಮಂಗಳಕಾರ್ಯಕ್ಕೆ ಕಪ್ಪು ಕೂಡದೆನ್ನುವ ನಾವೇ ಕರಿಮಣಿಯನ್ನು ಮಾಂಗಲ್ಯವೆನ್ನುತ್ತೇವೆ. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟನ್ನು ಇಡುತ್ತೇವೆ. ಹಣೆಯ ಮೇಲೆ ಅಂಗಾರದ ಕಪ್ಪು ಗೆರೆಯನ್ನು ಭಕ್ತಿಯಿಂದ ಧರಿಸುತ್ತೇವೆ.

ಇದರಿಂದ ತಿಳಿಯುವುದೇನು? ಬಣ್ಣವು ವಸ್ತುವಿನ ಗುಣ; ಅದರ ಅರ್ಥವು ಸಮಾಜದ ಸಂಕೇತ. ಸಂಕೇತವೆಂದ ಮಾತ್ರಕ್ಕೆ ಅದು ಹುಸಿಯಲ್ಲ. ಯತಿಗಳ ಕಾವಿಯನ್ನು ಕಂಡೊಡನೆ ನಮ್ಮ ತಲೆ ಬಾಗುತ್ತದೆ. ಅರಿಸಿನ ಕುಂಕುಮಗಳ ಬಣ್ಣದ ಕನ್ನಡದ ಬಾವುಟವನ್ನು ಕಂಡರೆ ಮನವು ಅರಳುತ್ತದೆ. ಇವೆಲ್ಲ ಬಾಳಿಗೆ ಬೇಕು. ಆದರೆ ಗುಣವನ್ನು ನಾವು ಮಾಡಲಿಲ್ಲ. ಸಂಕೇತವನ್ನು ಮಾಡಿದವರು, ನಡೆಸಿಕೊಂಡು ಬಂದವರು ನಾವು. ಆದಕಾರಣ ಅದರಿಂದ ಇನ್ನೊಬ್ಬರಿಗೆ ಆಗುವ ನೋವಿಗೂ ನಾವೇ ಹೊಣೆಗಾರರು.

ಈ ಹೊಣೆಯನ್ನು ಎರಡು ಕಡೆಗಳಲ್ಲಿ ನಾವು ಮರೆಯುತ್ತಿದ್ದೇವೆ. ಮೊದಲನೆಯದು, ಕನ್ಯೆಯ ಮೈಬಣ್ಣ. ಓದು, ನಡೆ, ಮನೆತನ, ಜಾತಕ ಎಲ್ಲವೂ ಹೊಂದಿದ ಮೇಲೆ “ಹುಡುಗಿಯ ಬಣ್ಣ ಸ್ವಲ್ಪ ಕಮ್ಮಿ” ಎಂಬ ಒಂದು ಮಾತಿನಿಂದ ಸಂಬಂಧಗಳು ಮುರಿಯುತ್ತವೆ. ಆ ಮಾತು ಒಳಕೋಣೆಯವರೆಗೂ ಕೇಳಿಸುತ್ತದೆ. ಹೀಗೆ ಆಡುವವರು ಯಾರು? ಕೃಷ್ಣನೆಂಬ, ಎಂದರೆ ಕಪ್ಪೆಂಬ ಅರ್ಥವುಳ್ಳ ಹೆಸರನ್ನೇ ಜಪಿಸುವವರು. ಕೃಷ್ಣದ್ವೈಪಾಯನರನ್ನು ಜಗದ್ಗುರುಗಳೆಂದು ನಮಿಸುವವರು. ಕೃಷ್ಣೆಯೆಂಬ ಹೆಸರಿನ ದ್ರೌಪದಿಯನ್ನು ಪ್ರಾತಃಕಾಲದಲ್ಲಿ ಸ್ಮರಿಸುವವರು. ಕರಿಯ ಸಾಲಿಗ್ರಾಮಕ್ಕೆ ನಿತ್ಯವೂ ಅಭಿಷೇಕ ಮಾಡುವವರು. ದೇವರಕೋಣೆಯಲ್ಲಿ ಪೂಜ್ಯವಾದ ಬಣ್ಣವು ನಡುಮನೆಯಲ್ಲಿ ಕೊರತೆಯಾಗುವುದು ಹೇಗೆ? 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಮುಲಾಮು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ಕೈಬಿಟ್ಟಿತು. ವ್ಯಾಪಾರಿಗೆ ಉಂಟಾದ ಸಂಕೋಚವಾದರೂ ವಧುವನ್ನು ಅರಸುವ ನಮಗೆ ಉಂಟಾಗಬೇಡವೆ?

“ಇಷ್ಟಾನಿಷ್ಟಗಳು ಅವರವರವು, ಅದಕ್ಕೆ ನ್ಯಾಯ ಕೇಳುವುದುಂಟೆ?” ಎಂದು ಕೆಲವರು ಆಕ್ಷೇಪಿಸಬಹುದು. ರುಚಿಯು ಅವರವರದೇ ನಿಜ. ಆದರೆ ಊರಿಗೆಲ್ಲ ಒಂದೇ ರುಚಿಯಿದ್ದರೆ ಅದು ಹುಟ್ಟಿನಿಂದ ಬಂದುದಲ್ಲ, ಕಲಿತುದು. ಕಲಿತುದನ್ನು ವಿಚಾರಿಸಿ ಬಿಡಬಹುದು. ತೊಟ್ಟಿಲ ಕೂಸಿನ ಬಣ್ಣವನ್ನು ಅಕ್ಕನ ಬಣ್ಣದೊಡನೆ ಹೋಲಿಸುವ ಮಾತನ್ನು ಇಂದೇ ನಿಲ್ಲಿಸಬಹುದು.

ಎರಡನೆಯದು ಪತಿಯನ್ನು ಕಳೆದುಕೊಂಡ ತಾಯಂದಿರ ವಿಷಯ. ಗೊಂಬೆಯಾರತಿಯ ದಿನ ಅವರು ಅಡುಗೆಮನೆಯ ಬಾಗಿಲಲ್ಲಿ ಸರಿದು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕರ್ಮಾಂಗಗಳಲ್ಲಿ ಯಾರಿಗೆ ಯಾವ ಅಧಿಕಾರವೆಂಬುದನ್ನು ಇಲ್ಲಿ ನಾವು ನಿರ್ಣಯಿಸಹೊರಟಿಲ್ಲ. ಅದು ವಿದ್ವಾಂಸರ ಕ್ಷೇತ್ರ. ಆದರೆ ತಿಳಿಹಸಿರಿನ ಸೀರೆಯೊಂದನ್ನು ಉಡುವುದಕ್ಕೆ, ಮುಡಿಗೆ ಒಂದು ಎಸಳು ಮಲ್ಲಿಗೆಗೆ, ಮೊದಲ ಸಾಲಿನಲ್ಲಿ ಕುಳಿತು ಮೊಮ್ಮಗಳ ಹಾಡನ್ನು ಕೇಳುವುದಕ್ಕೆ ಯಾವ ನಿರ್ಣಯವು ಬೇಕು? ಹಿರಿಯರ ರೂಢಿಯೆಂಬ ಸಮಾಧಾನವು ಇಲ್ಲಿ ನಿಲ್ಲದು. ಹಿರಿಯರ ಕಾಲದ ಕೇಶಮುಂಡನವನ್ನೂ ಕೆಂಪು ಸೀರೆಯನ್ನೂ ನಾವು ಈಗಾಗಲೇ ಬಿಟ್ಟಿದ್ದೇವೆ. ಧರ್ಮವು ಅದರಿಂದ ಕುಂದಲಿಲ್ಲ.

ಒಂದು ಮಾತನ್ನು ಸಿದ್ಧಾಂತದ ದೃಷ್ಟಿಯಿಂದ ಹೇಳಬೇಕು. ಹೊರಗಿನ ವಸ್ತುಗಳನ್ನು ಕಾಣುವಾಗ ಕಣ್ಣು ತಪ್ಪಬಹುದು. ಸುಖದುಃಖಗಳನ್ನು ಅರಿಯುವುದು ಸಾಕ್ಷಿ, ಸಾಕ್ಷಿಗೆ ತಪ್ಪೆಂಬುದಿಲ್ಲ. ಬಣ್ಣಕ್ಕೆ ನಾವು ಇಟ್ಟ ಅರ್ಥವು ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಆ ಅರ್ಥದಿಂದ ತಿರಸ್ಕೃತಳಾದ ಹುಡುಗಿಯ, ಬಾಗಿಲಲ್ಲಿ ನಿಂತ ತಾಯಿಯ ದುಃಖವೋ ಸಾಕ್ಷಿಸಿದ್ಧವಾದ ಸತ್ಯ. ಬದಲಾಗುವುದನ್ನು ಕಾಪಾಡಲು ಹೋಗಿ ಸತ್ಯವಾದುದನ್ನು ಅಲ್ಲಗಳೆಯುವುದು ಜಗತ್ತು ಸತ್ಯವೆಂದು ಸಾರುವ ನಮಗೆ ಒಪ್ಪುವುದಿಲ್ಲ.

ಶಂಖವು ಬೆಳ್ಳಗೆಯೇ ಇದೆ. ನಮ್ಮ ಕಣ್ಣಿನ ಕಾಮಾಲೆಗೆ ಮದ್ದನ್ನು ಹುಡುಕಬೇಕಾದುದಷ್ಟೇ ಉಳಿದಿದೆ.

ಶ್ರೀಕೃಷ್ಣಾರ್ಪಣಮಸ್ತು.