ಮಣಿ ಕಡೆಯುವ ಉಳಿ ಮತ್ತು ಕರ್ತೃತ್ವ

ಮಾಡಿದವರು ಯಾರು ಎಂದು ಕೇಳಿದರೆ ಭಗವದ್ಗೀತೆಯ 18ನೇ ಅಧ್ಯಾಯ ಒಬ್ಬರನ್ನೇ ತೋರಿಸುವುದಿಲ್ಲ. ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ದೈವ, ಈ ಐದೂ ಕೂಡಿದರೇ ಕರ್ಮ. ತಾನೊಬ್ಬನೇ ಕರ್ತೃವೆಂದುಕೊಂಡವನ ಬುದ್ಧಿ ಇನ್ನೂ ತಿಳಿಯಾಗಿಲ್ಲ ಎನ್ನುತ್ತದೆ. ಶಂಕರರ ಭಾಷ್ಯದಲ್ಲಿ ಕರಣವೆಂದರೆ ಕಿವಿ ಮೊದಲಾದ ಇಂದ್ರಿಯಗಳು. ಆ ಮಾತು ಕೈಯಲ್ಲಿ ಹಿಡಿದ ಉಪಕರಣಕ್ಕೂ ಸಲ್ಲಬೇಕೆಂಬುದು ನನ್ನ ವಾದ. ಮರ ಕಡೆಯುವವರ ಮಣಿ ಉಳಿಯನ್ನೇ ನೋಡಿ. ಕುರ್ಚಿಯ ಕಾಲಿಗೋ ತೊಟ್ಟಿಲಿನ ಕಂಬಕ್ಕೋ ಮಣಿಯಂಥ ಉಬ್ಬು ಬಳೆ ಮೂಡಿಸುವ ಈ ಉಳಿಯ ತುದಿಯಲ್ಲಿ ಅರ್ಧಚಂದ್ರದ ಕೊರಕಲಿರುತ್ತದೆ. ಹಳೆಯ ಅರವನ್ನು ಕಾಯಿಸಿ ಮೆದು ಮಾಡಿ, ಕೊರಕಲು ತೆಗೆದು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಸುಮಾರು 200ರಿಂದ 230 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಣಹುಲ್ಲಿನ ಬಣ್ಣ ಬರುವವರೆಗೆ ಹದ ಮಾಡಿದರೆ ಅದು ಸಿದ್ಧ. ತಿರುಗುವ ಮರಕ್ಕೆ ಒತ್ತಿದಾಗ ಮೂಡುವ ದುಂಡು, ಉಳಿ ಮಾಡಿದಾತ ಎಂದೋ ಕೊರೆದಿಟ್ಟ ಪೊಳ್ಳಿನ ಎದುರಚ್ಚು. ಆತ ಈಗ ಅಲ್ಲಿಲ್ಲ, ಅವನ ಕೆಲಸ ಮಾತ್ರ ನಡೆಯುತ್ತಲೇ ಇದೆ.

ಉಳಿಗೂ ಕರ್ತೃತ್ವದಲ್ಲಿ ಪಾಲಿದೆ ಎಂಬುದನ್ನು ನ್ಯಾಯದರ್ಶನದವರು ಒಪ್ಪಲಾರರು. ಕುಂಬಾರ ಚಕ್ರ ತಿರುಗಿಸುವ ದಂಡ ಮಡಕೆಗೆ ಬರೀ ನಿಮಿತ್ತ ಕಾರಣ, ಅಂದರೆ ಹೊರಗಿನಿಂದ ನೆರವಾಗುವ ಕಾರಣ, ಉಳಿಯೂ ಹಾಗೆಯೇ ಎಂದಾರು. ಆದರೆ ದಂಡದಲ್ಲಿ ಮಡಕೆಯ ಆಕಾರವಿಲ್ಲ, ಈ ಉಳಿಯಲ್ಲಿ ಮಣಿಯ ಆಕಾರವಿದೆ. ನಿಮಿತ್ತಗಳಲ್ಲೂ ತರತಮವಿದೆ ಎಂದಾದರೂ ಅವರು ಒಪ್ಪಬೇಕಾಗುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕರ್ತೃತ್ವವನ್ನು ಹೀಗೆ ಹಂಚಿಬಿಟ್ಟರೆ ಹೊಣೆ ಯಾರದು? ಎಳೆ ಕಿತ್ತು ತರಿತರಿಯಾದ ಮಣಿಗೆ ಉಳಿಯನ್ನು ದೂರಿ ಕೈ ತೊಳೆದುಕೊಳ್ಳಬಹುದಲ್ಲ? ಉತ್ತರ ಸಾಣೆಕಲ್ಲಿನ ಮೇಲಿದೆ. ಈ ಉಳಿಯ ಕೊರಕಲನ್ನು ಮಸೆಯಬಾರದು, ಮಸೆದರೆ ಆಕಾರವೇ ಕೆಡುತ್ತದೆ. ಚಪ್ಪಟೆಯಾದ ಮೇಲ್ಮೈಯನ್ನಷ್ಟೇ ಕಲ್ಲಿಗೆ ಸಮನಾಗಿ ಒರಗಿಸಿ ತಿಕ್ಕಬೇಕು. ಹಿಂದಿನವನು ಕೊಟ್ಟ ರೂಪವನ್ನು ಮುಟ್ಟದೆ ಉಳಿಸಿಕೊಂಡು ಅಂಚಿಗೆ ಹರಿತ ತರುವುದು ಇಂದಿನವನ ಪಾಲು. ಮೊಂಡಾದ ಉಳಿಯನ್ನೇ ಬಲವಾಗಿ ಒತ್ತುವುದೋ, ನಿಲ್ಲಿಸಿ ಮಸೆದು, ಹಿಡಿಯನ್ನು ಎಡಬಲಕ್ಕೆ ಮೆಲ್ಲಗೆ ತೂಗುತ್ತ ಇಳಿಸುವುದೋ ಎಂಬ ಆಯ್ಕೆ ಉಳಿಗಿಲ್ಲ, ಹಿಡಿದವನಿಗಿದೆ. ಗೀತೆ ಐದರಲ್ಲಿ ಕರ್ತೃವನ್ನೂ ಎಣಿಸಿದೆ, ಕೈಬಿಟ್ಟಿಲ್ಲ. ಅದು ಅಲ್ಲಗಳೆಯುವುದು ‘ನಾನೊಬ್ಬನೇ’ ಎಂಬುದನ್ನು. ತರಿಯಾದ ಮಣಿಯ ಹೊಣೆಯಲ್ಲಿ ಕಡೆಯುವವನ ಪಾಲು ಹಾಗೆಯೇ ಉಳಿಯುತ್ತದೆ.